ಟರ್ಫ್ ಇದೆ, ಟೀಮ್ ಇಲ್ಲ: ಮುಲುಂಡ್ ಕಡೆಯ ಹೊಸ ಹೈಸ್ಕೂಲಿನ ಬಗ್ಗೆ ಒಬ್ಬ ಅಪ್ಪನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಸ್ಕೂಲಿನ ಹೆಸ್ರು ಹಾಕಲ್ಲ. ಮಗ ಇನ್ನೂ ಅಲ್ಲೇ ಓದ್ತಿದಾನೆ, ನಾಳೆ ಬೆಳಿಗ್ಗೆ ಅದೇ ಗೇಟ್ ಹತ್ರ ನಾನೇ ಹೋಗಿ ನಿಲ್ಬೇಕು. ಮುಂಬೈಲಿ ಮುಲುಂಡ್ ಕಡೆ ಹೊಸದಾಗಿ ಶುರುವಾಗಿರೋ ಒಂದು ಹೈಸ್ಕೂಲು ಅಂತ ಅಂದ್ಕೊಳ್ಳಿ, ಸ್ಟೇಟ್ ಬೋರ್ಡು, ಇಂಗ್ಲಿಷ್ ಮೀಡಿಯಮ್ಮು, ಸದ್ಯಕ್ಕೆ ಎಂಟನೇ ಕ್ಲಾಸ್‌ವರೆಗೆ ಇದೆ, ಮುಂದಿನ ವರ್ಷ ಒಂಬತ್ತು, ಆಮೇಲೆ ಹತ್ತು. ಐದಕ್ಕೆ ಎರಡು ಸ್ಟಾರು ನಂದು. ಓದಿನ ಬಗ್ಗೆ ಮಾತ್ರ ಕೇಳಿದ್ರೆ ನಾಕು ಕೊಡ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮನೇಲಿ ಆಟ ಆಡೋ ಹುಡುಗ ಇದಾನೆ ಅನ್ನೋರು ಅಡ್ಮಿಷನ್ ಮಾಡ್ಸೋಕೆ ಮುಂಚೆ ಇದನ್ನ ಪೂರ್ತಿ ಓದಿ, ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ.

ಮಗ ವಿಕೆಟ್ ಕೀಪರ್ರು. ಏಳನೇ ಕ್ಲಾಸ್ ಮುಗಿಯೋವರೆಗೂ ಮಾಟುಂಗಾ ಕಡೆ ಒಂದು ಹಳೇ ಸ್ಕೂಲಲ್ಲಿದ್ದ. ಅಲ್ಲಿಗ್ಯಾಕೆ ಅಂದ್ರೆ ನನ್ ತಂಗಿ ಮನೆ ಅಲ್ಲೇ, ಜೊತೆಗೆ ಮಾಟುಂಗಾ ಅಂದ್ರೆ ನಮ್ಮೋರಿಗೆ ಊರಿದ್ದ ಹಾಗೆ ಅಲ್ವಾ, ಮೈಸೂರ್ ಅಸೋಸಿಯೇಷನ್ನು, ಸ್ಟೇಷನ್ ಎದ್ರು ರಾಮ ನಾಯಕರ ಊಟ, ಮಾರ್ಕೆಟ್ಟಲ್ಲಿ ಬಾಳೆ ಎಲೆ, ಮಲ್ಲಿಗೆ, ಎಲ್ಲಾ ಸಿಗುತ್ತೆ. ಆದ್ರೆ ಮುಲುಂಡಿಂದ ಸ್ಲೋ ಲೋಕಲ್ಲಲ್ಲಿ ನಾಹೂರು, ಭಾಂಡುಪು, ಕಾಂಜೂರು, ವಿಕ್ರೋಳಿ, ಘಾಟ್‌ಕೋಪರ್ರು, ವಿದ್ಯಾವಿಹಾರ, ಕುರ್ಲಾ, ಸಾಯನ್ನು ಅಂತ ಎಣಿಸ್ಕೊಂಡು ಹೋಗ್ಬೇಕು, ಅದೂ ಕಿಟ್ ಬ್ಯಾಗ್ ಹೊತ್ಕೊಂಡು. ಬೆಳಿಗ್ಗೆ ಲೋಕಲ್ಲಲ್ಲಿ ಕಿಟ್ ಬ್ಯಾಗ್ ಹೊತ್ತ ಹುಡುಗನ್ನ ನೋಡಿದ್ರೆ ಜನ ಎರಡು ಥರ, ಒಬ್ರು "ಆವೋ ಸಚಿನ್, ಇಧರ್ ಆವೋ" ಅಂತ ಜಾಗ ಮಾಡ್ಕೊಡ್ತಾರೆ, ಇನ್ನೊಬ್ರು ಬ್ಯಾಗಿಗೆ ಮೊಣಕಾಲು ಕೊಟ್ಟು ತಳ್ತಾರೆ. ಕುರ್ಲಾದಲ್ಲಿ ಎರಡನೇ ಥರದೋರೇ ಜಾಸ್ತಿ. ಒಂದ್ಸಲ ಬ್ಯಾಗಿನ ಚಕ್ರ ಡಬ್ಬಿಗೂ ಪ್ಲಾಟ್‌ಫಾರ್ಮಿಗೂ ಮಧ್ಯೆ ಸಿಕ್ಕಾಕೊಂಡು ಕಿತ್ಕೊಂಡೇ ಹೋಯ್ತು, ಅವತ್ತಿಂದ ಅವನಮ್ಮ ಶುರು ಮಾಡಿದ್ಳು, ಹತ್ರದಲ್ಲಿ ಎಲ್ಲಾದ್ರೂ ನೋಡ್ರಿ ಅಂತ.

ಹತ್ರದಲ್ಲೇ ಬಂತು. ಮನೆಯಿಂದ ನಡ್ಕೊಂಡು ಹೋದ್ರೆ ಏಳು ನಿಮಿಷ. ಬ್ರೋಷರ್ ನೋಡ್ಬೇಕಿತ್ತು ನೀವು, ಮುಖಪುಟದಲ್ಲೇ ಹಸಿರು ಟರ್ಫು, ಮೇಲೆ ನೆಟ್ಟು, ಫ್ಲಡ್ ಲೈಟು, ಒಳಗೆ ಬೋಲಿಂಗ್ ಮಷಿನ್ನಿನ ಫೋಟೋ. ಟೂರ್ ಮಾಡ್ಸಿದ ಮೇಡಮ್ಮು ಭಾಳ ಒಳ್ಳೇರು, "ಸ್ಪೋರ್ಟ್ಸ್ ಈಸ್ ಇನ್ ಅವರ್ ಡಿಎನ್‌ಎ ಸರ್" ಅಂದ್ರು. ನಾನೂ ತಲೆ ಆಡ್ಸಿದೆ. ಬೋಲಿಂಗ್ ಮಷಿನ್ ಮುಟ್ಟಿ ನೋಡ್ದೆ, ಮೇಲಿನ ಪ್ಲಾಸ್ಟಿಕ್ ಕವರ್ ಕೂಡಾ ತೆಗ್ದಿರ್ಲಿಲ್ಲ. ಅಲ್ಲೇ ನಂಗೆ ಹೊಳೀಬೇಕಿತ್ತು. ಹೊಳೀಲಿಲ್ಲ.

ಮೊದ್ಲು ಚೆನ್ನಾಗಿರೋದು ಹೇಳ್ಬಿಡ್ತೀನಿ, ನ್ಯಾಯ ನ್ಯಾಯಾನೇ. ಮ್ಯಾಥ್ಸ್ ಟೀಚರ್ ಅಪ್ಪಟ ಚಿನ್ನ. ಮರಾಠಿ ಟೀಚರ್ ಇನ್ನೂ ಒಂದು ಕೈ ಮೇಲೆ, 2020ರ ಕಾನೂನು ಬಂದಮೇಲೆ ಇಲ್ಲಿ ಎಲ್ಲಾ ಬೋರ್ಡಿನ ಸ್ಕೂಲಲ್ಲೂ ಮರಾಠಿ ಕಡ್ಡಾಯ ಅಲ್ವಾ, ಮನೇಲಿ ಕುಂದಾಪ್ರ ಕನ್ನಡ ಮಾತಾಡೋ ನಮ್ ಹುಡುಗ ಈಗ ತರಕಾರಿಯವನ ಹತ್ರ ನಂಗಿಂತ ಚೆನ್ನಾಗಿ ಚೌಕಾಸಿ ಮಾಡ್ತಾನೆ. ಟಾಯ್ಲೆಟ್ ಕ್ಲೀನ್. ಬಸ್ಸು ಟೈಮಿಗೆ. ಕ್ಯಾಂಟೀನ್ ಇಡ್ಲಿ ಕಲ್ಲು, ಆದ್ರೆ ಅದನ್ನ ದೂರು ಅಂತ ಬರೀತಿಲ್ಲ, ಮುಂಬೈಲಿ ಉಡುಪಿ ಹೋಟ್ಲಿನೋರ ಮಗ ಆಗಿ ಇಡ್ಲಿ ಬಗ್ಗೆ ನಂಗೆ ಯಾರೂ ಸರಿ ಕಾಣಲ್ಲ.

ಈಗ ವಿಷ್ಯಕ್ಕೆ ಬರೋಣ.

ಸ್ಕೂಲ್ ಶುರುವಾಗಿ ಒಂದು ತಿಂಗಳು ಕಳೀತು. ಮಗ ದಿನಾ ಬಂದು "ಪಪ್ಪಾ, ಟ್ರಯಲ್ಸ್ ಯಾವಾಗಂತೆ" ಅಂತ ಕೇಳೋನು. ಕೇಳ್ಲೇಬೇಕು, ಯಾಕಂದ್ರೆ ಅವನಿಗೆ ಇದು ಹದಿನಾಲ್ಕರ ಒಳಗಿನ ಕೊನೇ ವರ್ಷ. ಗೊತ್ತಿಲ್ದೋರಿಗೆ ಹೇಳ್ತೀನಿ, ಮುಂಬೈ ಸ್ಕೂಲ್ ಕ್ರಿಕೆಟ್ ಅಂದ್ರೆ ಎರಡು ಶೀಲ್ಡು, 14ರ ಒಳಗಿನೋರಿಗೆ ಗೈಲ್ಸ್ ಶೀಲ್ಡು, 16ರ ಒಳಗಿನೋರಿಗೆ ಹ್ಯಾರಿಸ್ ಶೀಲ್ಡು. ಎರಡನ್ನೂ ನಡ್ಸೋದು ಮುಂಬೈ ಸ್ಕೂಲ್ಸ್ ಸ್ಪೋರ್ಟ್ಸ್ ಅಸೋಸಿಯೇಷನ್ನು, ಅದು 1893ರದು, ಆಗ ಇಲ್ಲಿ ಗವರ್ನರ್ ಆಗಿದ್ದ ಲಾರ್ಡ್ ಹ್ಯಾರಿಸ್ ಹೆಸ್ರಿಂದ ಹ್ಯಾರಿಸ್ ಶೀಲ್ಡು. 1988ರ ಫೆಬ್ರವರೀಲಿ ಆಜಾದ್ ಮೈದಾನದಲ್ಲಿ ಸಚಿನ್ನು ಕಾಂಬ್ಳಿ ಸೇರಿ 664 ರನ್ ಹೊಡ್ದಿದ್ದು ಇದೇ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್ಲಲ್ಲಿ, ಕಾಂಬ್ಳಿ 349, ಸಚಿನ್ 326, ಇಬ್ರೂ ನಾಟೌಟ್. ಪೃಥ್ವಿ ಶಾ 2013ರಲ್ಲಿ 546 ಹೊಡ್ದಿದ್ದೂ ಅದ್ರಲ್ಲೇ. ಇದೆಲ್ಲಾ ನನ್ ಮಗನ ಬಾಯಲ್ಲಿ ಮಗ್ಗಿ ಥರ ಇದೆ, ಹದಿನೇಳರ ಮಗ್ಗಿ ಕೇಳಿದ್ರೆ ಮಾತ್ರ ಮೇಲೆ ನೋಡ್ತಾನೆ.

ಮತ್ತೆ ಇವೆಲ್ಲ ಸ್ಕೂಲ್ ಟೀಮ್‌ಗಳ ಟೂರ್ನಮೆಂಟು. ಕ್ಲಬ್ಬಲ್ಲ, ಅಕಾಡೆಮಿ ಅಲ್ಲ. ನಿನ್ ಕೈಲಿ ಎಂಥಾ ಆಟ ಇದ್ರೂ ನಿನ್ ಸ್ಕೂಲು ಅಸೋಸಿಯೇಷನ್ ಮೆಂಬರ್ ಆಗಿರ್ಬೇಕು, ನಿನ್ ಸ್ಕೂಲು ಎಂಟ್ರಿ ಕಳ್ಸಿರ್ಬೇಕು, ನಿನ್ ಜೊತೆ ಇನ್ನೂ ಹತ್ತು ಜನ ಇರ್ಬೇಕು. ಮೂರ್ರಲ್ಲಿ ಒಂದು ತಪ್ಪಿದ್ರೂ ಮನೇಲಿ ಕೂತ್ಕೋ.

ನಾನೇ ಹೋಗಿ ಪಿಟಿ ಸರ್‌ನ ಕೇಳ್ದೆ. ಪಾಪ ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ಕೊರಳಲ್ಲಿ ವಿಷಲ್ಲು, ಟೇಬಲ್ ಮೇಲೆ ಪ್ರೋಟೀನ್ ಶೇಕ್ ಬಾಟ್ಲಿ. "ಸರ್, ಮೆಂಬರ್‌ಶಿಪ್ ಪ್ರೋಸೆಸಲ್ಲಿದೆ" ಅಂದ. ಯಾವಾಗಿಂದ ಪ್ರೋಸೆಸಲ್ಲಿದೆ? ಕಂಪ್ಯೂಟರ್ ಕಡೆ ನೋಡ್ದ. ಆಮೇಲೆ ನಿಧಾನಕ್ಕೆ, "ಸರ್, ಈ ವರ್ಷದ ಎಂಟ್ರಿ ಮುಗ್ದೋಯ್ತು, ನೆಕ್ಸ್ಟ್ ಇಯರ್ ಪಕ್ಕಾ" ಅಂದ. ಮುಂದಿನ ವರ್ಷ ನನ್ ಮಗ 14ರ ಒಳಗೆ ಇರಲ್ಲ ತಮ್ಮಾ ಅಂದೆ. ಅವನಿಗೆ ಅರ್ಥ ಆಯ್ತು, ಮುಖ ಚಿಕ್ಕದಾಯ್ತು, ನಂಗೆ ಬೈಯೋಕೂ ಆಗ್ಲಿಲ್ಲ. ಬೈಬೇಕಾದೋರು ಮೇಲಿನ ಮಹಡೀಲಿ ಎಸಿ ರೂಮಲ್ಲಿ ಕೂತು ಬ್ರೋಷರ್ ಪ್ರಿಂಟ್ ಮಾಡ್ಸಿದೋರು.

ಸರಿ, ಗೈಲ್ಸ್ ಹೋಗ್ಲಿ, ಸರ್ಕಾರದ ಡಿಎಸ್ಓ ಟೂರ್ನಮೆಂಟಾದ್ರೂ ಇದೆಯಲ್ಲ ಅಂದೆ. ಜಿಲ್ಲಾ ಕ್ರೀಡಾ ಅಧಿಕಾರಿ ನಡ್ಸೋದು, 14, 17, 19 ಅಂತ ಮೂರು ವಯಸ್ಸು, ಜಿಲ್ಲೆ ಆಮೇಲೆ ವಿಭಾಗ ಆಮೇಲೆ ರಾಜ್ಯ, ಅಲ್ಲಿಂದ ಸ್ಕೂಲ್ ನ್ಯಾಷನಲ್ಸ್. ಅದ್ರಲ್ಲಿ ಮೇಲೆ ಹೋದೋರಿಗೆ ಹತ್ತನೇ ಕ್ಲಾಸಲ್ಲಿ ಸ್ಪೋರ್ಟ್ಸ್ ಗ್ರೇಸ್ ಮಾರ್ಕೂ ಸಿಗುತ್ತೆ, ಹಾಗಾಗಿ ಆಟ ಅಂದ್ರೆ ಮೂಗು ಮುರಿಯೋ ಅಪ್ಪ ಅಮ್ಮಂದಿರೂ ಇದನ್ನ ಕೇಳಿದ್ರೆ ಕಿವಿ ನೆಟ್ಟಗೆ ಮಾಡ್ಕೋತಾರೆ. ಇಲ್ಲಿ ನಂಗೆ ಇನ್ನೊಂದು ಪಾಠ. ನಾವು ಮುಂಬೈ ಮುಂಬೈ ಅಂತೀವಲ್ಲ, ಸರ್ಕಾರದ ಲೆಕ್ಕದಲ್ಲಿ ಇದು ಎರಡು ಜಿಲ್ಲೆ, ಮುಂಬೈ ಶಹರ ಮತ್ತೆ ಮುಂಬೈ ಉಪನಗರ, 1990ರಲ್ಲಿ ಬೇರೆ ಮಾಡಿದ್ದು. ಮಾಹೀಮು, ಸಾಯನ್ ತನಕ ಶಹರ, ಅದ್ರಾಚೆ ಉಪನಗರ. ಹಳೇ ಸ್ಕೂಲು ಶಹರದಲ್ಲಿತ್ತು, ಹೊಸದು ಉಪನಗರದಲ್ಲಿ. ಅಂದ್ರೆ ಏಳು ನಿಮಿಷದ ಸ್ಕೂಲಿಗೆ ಹಾಕಿದ ಖುಷೀಲಿ ನಾನು ಮಗನ ಜಿಲ್ಲೇನೇ ಬದಲಾಯ್ಸಿದ್ದೆ, ಮನೆ ಇದ್ದಲ್ಲೇ ಇದೆ, ಸೋಫಾ ಕೂಡಾ ಆಚೀಚೆ ಆಗಿಲ್ಲ. ಎರಡು ವರ್ಷದಿಂದ ಅವನ ಕೀಪಿಂಗ್ ನೋಡಿದ್ದ ಶಹರದ ಕೋಚ್‌ಗಳು, ಅಂಪೈರ್‌ಗಳು, ಅವರ್ಯಾರೂ ಈಗ ಲೆಕ್ಕಕ್ಕಿಲ್ಲ.

ಅಲ್ಲೂ ಟೀಮ್ ಕಳ್ಸಲಿಲ್ಲ ಬಿಡಿ. ಕಾರಣ ಇನ್ನೂ ಸಿಂಪಲ್ಲು, ಹನ್ನೊಂದು ಜನ ಇಲ್ಲ. ಏಳು ಎಂಟನೇ ಕ್ಲಾಸಲ್ಲಿ ಸೇರಿಸಿ ಬ್ಯಾಟ್ ಹಿಡಿಯೋ ಹುಡುಗ್ರು ಒಂಬತ್ತು, ಅದ್ರಲ್ಲಿ ಇಬ್ರಿಗೆ ಲೆದರ್ ಬಾಲ್ ಅಂದ್ರೆ ಭಯ, ಒಬ್ಬನಿಗೆ ಟ್ಯೂಷನ್ ಇದೆ ಅಂತ ಅವನಮ್ಮ ಮೊದ್ಲೇ ಲೆಟರ್ ಕೊಟ್ಟಿದಾರೆ. ಒಂದು ವಿಚಿತ್ರ ಗಮನಿಸ್ದೆ, ಇದೇ ಸ್ಕೂಲಿನ ಆರನೇ ಕ್ಲಾಸಿನ ಹುಡುಗಿ ಸ್ಕೇಟಿಂಗಲ್ಲಿ ಜಿಲ್ಲೆಗೆ ಹೋದ್ಳು, ಇನ್ನೊಬ್ಬ ಚೆಸ್ಸಲ್ಲಿ. ಒಬ್ಬರೇ ಆಡೋ ಆಟ ಆದ್ರೆ ಹೊಸ ಸ್ಕೂಲು ತೊಂದ್ರೆ ಇಲ್ಲ, ಫಾರ್ಮಿಗೆ ಸೀಲು ಹಾಕೋ ಪ್ರಿನ್ಸಿಪಾಲ್ ಇದ್ರೆ ಸಾಕು. ಕ್ರಿಕೆಟ್ಟು, ಕಬಡ್ಡಿ, ಖೋಖೋ, ಫುಟ್‌ಬಾಲು ಇವಕ್ಕೆ ಮಾತ್ರ ಕಾಂಕ್ರೀಟು ಸಾಲಲ್ಲ, ಮೂರ್ನಾಕು ವರ್ಷ ಹಿಂದಿಂದ ಒಟ್ಟಿಗೆ ಬೆಳ್ದ ಹುಡುಗ್ರು ಬೇಕು. ಅದನ್ನ ಯಾವ ಬಿಲ್ಡರ್ರೂ ಪೊಸೆಷನ್ ಜೊತೆ ಕೊಡಲ್ಲ.

ನೀವು ಕೇಳ್ಬಹುದು, ಹಾಗಾದ್ರೆ ವಾಪಸ್ ಹಳೇ ಸ್ಕೂಲಿಗೆ ಹಾಕ್ಬಹುದಿತ್ತಲ್ಲ ಅಂತ. ಎಲ್‌ಸಿ, ಅಂದ್ರೆ ಸ್ಕೂಲ್ ಬಿಟ್ಟ ಸರ್ಟಿಫಿಕೇಟು, ತಗೊಂಡು ಬಂದಾಗಿತ್ತಲ್ಲ ಮಾರಾಯ್ರೆ. ಆ ಕಾಗ್ದ ನೀವು ಸರಿಯಾಗಿ ಓದಿದೀರಾ? ಶಾಲೆ ಬಿಟ್ಟ ಕಾರಣ ಅಂತ ಒಂದು ಕಾಲಂ ಇರುತ್ತೆ. ಹಳೇ ಸ್ಕೂಲಿನ ಕ್ಲಾರ್ಕ್ ಮಾವುಶಿ ಪೆನ್ನು ಹಿಡ್ಕೊಂಡು ನನ್ ಮುಖ ನೋಡಿದ್ರು, "ಕಾಯ್ ಲಿಹೂ?" ಅಂತ. ಏನು ಬರೀಲಿ ಅಂತ ನಂಗೂ ಗೊತ್ತಾಗ್ಲಿಲ್ಲ, ಬ್ಯಾಗಿನ ಚಕ್ರ ಕಿತ್ತೋಯ್ತು ಅಂತ ಬರ್ಸೋಕಾಗುತ್ತಾ. ಪಾಲಕರ ಕೋರಿಕೆ ಅಂತ ಬರೀರಿ ಅಂದೆ. ಅದೇ ಕಾಗದದಲ್ಲಿ ಇದನ್ನ ಕೊಟ್ಟ ಅಧಿಕಾರಿ ಬಿಟ್ಟು ಬೇರೆ ಯಾರೂ ತಿದ್ದೋ ಹಾಗಿಲ್ಲ ಅಂತ ಒಂದು ಸೂಚನೆ ಇರುತ್ತೆ. ಅವತ್ತು ಅದನ್ನ ಓದಿ ನಕ್ಕಿದ್ದೆ. ಆಗಸ್ಟಲ್ಲಿ ವಾಪಸ್ ಹೋಗಿ ಕೇಳ್ದಾಗ ಆ ಕ್ಲಾಸಲ್ಲಿ ಸೀಟ್ ಭರ್ತಿ, ಕೀಪರ್ ಜಾಗಕ್ಕೂ ಬೇರೆ ಹುಡುಗ ಬಂದಾಗಿತ್ತು.

ನನ್ ಹೆಂಡ್ತಿ ಅಣ್ಣ ಅಮೆರಿಕಾದ ಟೆಕ್ಸಸಲ್ಲಿದಾರೆ, ಡಾಲಸ್ ಪಕ್ಕ ಫ್ರಿಸ್ಕೋ ಅಂತ ಊರು, ನಮ್ ಕನ್ನಡದೋರೂ ಸುಮಾರು ಜನ ಇದಾರಂತೆ ಅಲ್ಲಿ. ಫೋನಲ್ಲಿ ಇದನ್ನೆಲ್ಲ ಅವರ ಹತ್ರ ತೋಡ್ಕೊಂಡೆ. ಅವರು "ಭಾವಾ, ನಮ್ಮಲ್ಲಿ ಇದು ಮಾಮೂಲಿ, ಆದ್ರೆ ಬೇರೆ ಥರ" ಅಂದ್ರು. ಅವರ ಊರು ಎಷ್ಟು ಬೇಗ ಬೆಳೀತು ಅಂದ್ರೆ ಈಗ ಫ್ರಿಸ್ಕೋ ಸ್ಕೂಲ್ ಡಿಸ್ಟ್ರಿಕ್ಟಲ್ಲಿ 12 ಹೈಸ್ಕೂಲು, 2021ರಲ್ಲಿ ಒಂದು ಶುರುವಾಯ್ತು, 2022ರಲ್ಲಿ ಇನ್ನೊಂದು. ಅಲ್ಲಿ ಯಾವ ಮನೆ ಮಕ್ಳು ಯಾವ ಸ್ಕೂಲಿಗೆ ಅಂತ ಮ್ಯಾಪಲ್ಲಿ ಗೆರೆ ಎಳ್ದಿರ್ತಾರೆ, ಹೊಸ ಸ್ಕೂಲ್ ಬಂದ್ರೆ ಗೆರೆ ಮತ್ತೆ ಎಳೀತಾರೆ. ರಸ್ತೆ ಈಚೆಗಿರೋ ಹುಡುಗ ಹಳೇ ಸ್ಕೂಲು, ಆಚೆಗಿರೋ ಅವನ ಗೆಳೆಯ ಹೊಸ ಸ್ಕೂಲು. ಮೀಟಿಂಗಲ್ಲಿ ಅಪ್ಪ ಅಮ್ಮಂದಿರು ಮೈಕ್ ಹಿಡ್ಕೊಂಡು ಜಗಳ ಆಡ್ತಾರಂತೆ, ಕೇಳಿ ಸ್ವಲ್ಪ ಸಮಾಧಾನ ಆಯ್ತು ನಂಗೆ, ನಮ್ ಸೊಸೈಟಿ ಮೀಟಿಂಗ್ ಥರಾನೇ. ಆದ್ರೆ ಆಟದ ವಿಷ್ಯದಲ್ಲಿ ಅವರ ರೂಲ್ ಖಡಕ್ಕು. ಟೆಕ್ಸಸಲ್ಲಿ ಸ್ಕೂಲ್ ಆಟಗಳನ್ನ ನೋಡ್ಕೊಳ್ಳೋದು ಯುಐಎಲ್ ಅನ್ನೋ ಸಂಸ್ಥೆ. ಗೆರೆ ಬದಲಾಗಿ ಹುಡುಗ ಹೊಸ ಸ್ಕೂಲಿಗೆ ಹೋದ್ರೆ ಅವನ ಮೇಲೆ ತಪ್ಪಿಲ್ಲ, ಮೊದ್ಲ ದಿನದಿಂದ ಆಡ್ಬಹುದು. ಅದೇ ಮನೆ ಬದಲಾಯ್ಸದೇನೇ, ಒಳ್ಳೆ ಟೀಮ್ ಇದೆ ಅಂತ ಆಟಕ್ಕೋಸ್ಕರಾನೇ ಸ್ಕೂಲ್ ಬದಲಾಯ್ಸಿದ್ರೆ ಕಮ್ಮಿ ಅಂದ್ರೂ ಒಂದು ವರ್ಷ ಮೇನ್ ಟೀಮಲ್ಲಿ ಆಡೋ ಹಾಗಿಲ್ಲ. ಅದಕ್ಕೊಂದು ಫಾರ್ಮೂ ಇದೆ, ಹಿಂದೆ ಎಲ್ಲಿ ಆಡಿದ್ದ, ಯಾಕೆ ಬಿಟ್ಟ ಅಂತ ಹಳೇ ಸ್ಕೂಲಿನೋರೂ ಬರೆದು ಸೈನ್ ಹಾಕ್ಬೇಕು, ಆಮೇಲೆ ಆ ಜಿಲ್ಲೆಯ ಸ್ಕೂಲುಗಳ ಕಮಿಟಿ ಕೂತು ತೀರ್ಮಾನ ಮಾಡುತ್ತೆ. ಹೊಸ ಸ್ಕೂಲಲ್ಲಿ ಮೊದ್ಲ ವರ್ಷ ದೊಡ್ಡ ಕ್ಲಾಸಿನ ಹುಡುಗ್ರೇ ಇರಲ್ಲ ಅನ್ನೋದೂ ಅವರಿಗೆ ಮೊದ್ಲೇ ಗೊತ್ತು, ಅದಕ್ಕೆ ಎಷ್ಟೋ ಕಡೆ ಜೂನಿಯರ್ ಟೀಮಿಂದಾನೇ ಶುರು ಮಾಡ್ತಾರಂತೆ.

ಫೋನ್ ಇಟ್ಟಮೇಲೆ ನಂಗೊಂದು ನಗು ಬಂತು. ಬಾಂದ್ರಾದ ಒಂದು ಸ್ಕೂಲಲ್ಲಿದ್ದ ಗುಂಗುರು ಕೂದ್ಲು ಹುಡುಗನ್ನ ಕೋಚ್ ಆಚ್ರೇಕರ್ ಸರ್ ಮಾತು ಕೇಳಿ ಮನೆಯವರು ದಾದರಿನ ಶಾರದಾಶ್ರಮಕ್ಕೆ ಹಾಕಿದ್ರಲ್ಲ, ಬರೀ ಕ್ರಿಕೆಟ್ಟಿಗೋಸ್ಕರ! ಟೆಕ್ಸಸ್ ರೂಲ್ ಇಲ್ಲಿದ್ದಿದ್ರೆ ಸಚಿನ್ ಒಂದು ವರ್ಷ ಬೆಂಚ್ ಮೇಲೆ ಕೂತು ನೀರು ಕೊಡ್ಬೇಕಿತ್ತು. ಹಾಗಾಗಿ ಆ ರೂಲ್ ಇಲ್ಲಿಗೆ ತನ್ನಿ ಅಂತ ನಾನು ಹೇಳಲ್ಲ, ಮುಂಬೈ ಕ್ರಿಕೆಟ್ಟೇ ಸ್ಕೂಲು ಬದಲಾಯ್ಸೋದ್ರ ಮೇಲೆ ನಿಂತಿದೆ. ನಮ್ ಪೇಚು ಬೇರೆ. ಅಲ್ಲಿ ಗೆರೆ ಎಳ್ಯೋನು ಯಾರೋ, ಅದಕ್ಕೆ ಹುಡುಗನ ವರ್ಷ ಉಳ್ಸೋ ಜವಾಬ್ದಾರಿನೂ ಅವರೇ ತಗೋತಾರೆ. ಇಲ್ಲಿ ಗೆರೆ ಅನ್ನೋದು ಇರೋದು ಆರ್‌ಟಿಇ ಸೀಟಿಗೆ ಮಾತ್ರ, ಆ 25 ಪರ್ಸೆಂಟ್ ಸೀಟಿಗೆ ಮನೆಯಿಂದ ಒಂದು ಕಿಲೋಮೀಟರು, ಮೂರು ಕಿಲೋಮೀಟರು ಅಂತ ಗೂಗಲ್ ಮ್ಯಾಪಲ್ಲಿ ಅಳೀತಾರೆ. ಫೀಸ್ ಕಟ್ಟೋ ನಮ್ಮಂಥೋರಿಗೆ ಗೆರೆ ಇಲ್ಲ, ಎಲ್ಲಿಗ್ ಬೇಕಾದ್ರೂ ಹೋಗು, ಹೋದ್ಮೇಲೆ ನಿನ್ ಹಣೆಬರಹ. ಮೆಂಬರ್‌ಶಿಪ್ ಇದೆಯಾ ಇಲ್ವಾ ಅಂತ ಹೇಳ್ಬೇಕು ಅನ್ನೋ ಯೋಚ್ನೆ ಅಡ್ಮಿಷನ್ ಕೌಂಟರಲ್ಲಿ ಕೂತೋರಿಗೆ ಬರೋದೇ ಇಲ್ಲ.

ಇನ್ನೊಂದು ಮಾತು. ಪಿಟಿಎ ಮೀಟಿಂಗಲ್ಲಿ ಒಬ್ರು ಅಪ್ಪ, ಟೀಮ್ ಆಗ್ದಿದ್ರೂ ಪರ್ವಾಗಿಲ್ಲ, ಐದನೇ ಕ್ಲಾಸ್ ಮಕ್ಳನ್ನ ಸೇರ್ಸಿ ಹನ್ನೊಂದು ಮಾಡಿ ಕಳ್ಸಿ, ಅನುಭವ ಆಗುತ್ತೆ ಅಂದ್ರು. ಎಲ್ರೂ ಹೂಂ ಅಂದ್ರು. ನಾನು ಬೇಡ ಅಂದೆ. 2016ರ ಜನವರೀಲಿ ಕಲ್ಯಾಣದಲ್ಲಿ ಒಂದು ಸ್ಕೂಲ್ ಮ್ಯಾಚಲ್ಲಿ ಪ್ರಣವ್ ಧನಾವಡೆ 1009 ನಾಟೌಟ್ ಹೊಡ್ದಾಗ ಇಡೀ ದೇಶ ಕುಣೀತು, ನಾನೂ ಆಫೀಸಲ್ಲಿ ಪೇಡಾ ಹಂಚಿದ್ದೆ, ನಮ್ ಕಡೆ ಲೋಕಲ್ ಹುಡುಗ, ರಿಕ್ಷಾ ಓಡ್ಸೋರ ಮಗ ಅಂತ. ಈಗ ಅಪ್ಪನಾಗಿ ಆ ಸ್ಕೋರ್ ಕಾರ್ಡಿನ ಇನ್ನೊಂದು ಪಕ್ಕ ನೋಡ್ತೀನಿ. 1465ಕ್ಕೆ ಮೂರು ವಿಕೆಟ್ಟು, ಆಮೇಲೆ ಎದುರಿನ ಮಕ್ಳು 31ಕ್ಕೆ ಆಲೌಟು, ಮತ್ತೆ 52ಕ್ಕೆ ಆಲೌಟು. ಆ ಬಿಸ್ಲಲ್ಲಿ ಬೌಂಡ್ರಿಯಿಂದ ಬಾಲ್ ಹೆಕ್ಕಿ ಹೆಕ್ಕಿ ತಂದ ಹುಡುಗ್ರು ಮನೆಗೆ ಹೋಗಿ ಏನು ಹೇಳಿರ್ಬಹುದು? ಐದನೇ ಕ್ಲಾಸಿನೋರನ್ನ ಪ್ಯಾಡ್ ಕಟ್ಟಿ ಕಳ್ಸೋದು ಅನುಭವ ಅಲ್ಲ.

ನವೆಂಬರಲ್ಲಿ ಒಂದು ದಿನ ಮಗ ಹಳೇ ಸ್ಕೂಲಿನ ಮ್ಯಾಚ್ ನೋಡೋಕೆ ಹೋಗ್ತೀನಿ ಅಂದ. ಕರ್ಕೊಂಡು ಹೋದೆ. ಆಜಾದ್ ಮೈದಾನ ನೋಡಿದೋರಿಗೆ ಗೊತ್ತು, 22 ಪಿಚ್ಚು ಒಂದರ ಹೊಟ್ಟೇಲಿ ಒಂದು, ಈ ಮ್ಯಾಚಿನ ಕವರ್ ಫೀಲ್ಡರ್ರು ಆ ಮ್ಯಾಚಿನ ಅಂಪೈರ್ ಪಕ್ಕ ನಿಂತಿರ್ತಾನೆ. ಹಳೇ ಕೋಚ್ ಸರ್ ಇವನನ್ನ ನೋಡಿ ಏನೂ ಕೇಳ್ಲಿಲ್ಲ, ಸ್ಕೋರ್ ಬುಕ್ಕು, ಎರಡು ಪೆನ್ಸಿಲ್ಲು ಕೈಗೆ ಕೊಟ್ರು, "ಬಸ್" ಅಂದ್ರು. ಇವನು ಟೆಂಟಿನ ನೆರಳಲ್ಲಿ ಕೂತು ಇಡೀ ದಿನ ಬರ್ದ. ಹೊಸ ಕೀಪರ್ರು ಒಂದು ಸುಲಭದ ಸ್ಟಂಪಿಂಗ್ ಬಿಟ್ಟ. ನಾನು ಇವನ ಮುಖ ನೋಡ್ದೆ, ಇವನು ತಲೆ ಎತ್ತಲಿಲ್ಲ, ಡಾಟ್ ಬಾಲ್ ಅಂತ ಒಂದು ಚುಕ್ಕಿ ಇಟ್ಟ, ಆದ್ರೆ ಪೆನ್ಸಿಲ್ ಎಷ್ಟು ಒತ್ತಿದ್ದ ಅಂದ್ರೆ ಮೊನೆ ಮುರೀತು. ವಾಪಸ್ ಬರೋವಾಗ ಸಿಎಸ್‌ಎಂಟಿ ಸ್ಟೇಷನ್ನಲ್ಲಿ ವಡಾಪಾವ್ ತಿಂದ್ವಿ, ಅವನು ಎರಡು ತಿಂದ, ಕ್ರಿಕೆಟ್ ಬಗ್ಗೆ ಒಂದು ಮಾತೂ ಇಲ್ಲ.

ನಮ್ಮಪ್ಪ ಹಗಲಲ್ಲಿ ಫೋರ್ಟಿನ ಹೋಟ್ಲಲ್ಲಿ ಟೇಬಲ್ ಒರೆಸಿ ರಾತ್ರಿ ಕನ್ನಡ ನೈಟ್ ಸ್ಕೂಲಲ್ಲಿ ಓದ್ದೋರು. ಅವರ ಸ್ಕೂಲಿಗೆ ಗ್ರೌಂಡೇ ಇರ್ಲಿಲ್ಲ, ರಾತ್ರಿ ಯಾರು ಆಡ್ತಾರೆ. ಮೊಮ್ಮಗನ ಸ್ಕೂಲಿನ ಟರ್ಫ್ ನೋಡಿ ಬಗ್ಗಿ ಕೈಯಲ್ಲಿ ಸವರಿ "ಪ್ಲಾಸ್ಟಿಕ್ಕಾ ಇದು?" ಅಂದ್ರು, ಅಷ್ಟೇ. ನಂಗದು ಆಗ ತಮಾಷೆ ಅನ್ಸಿತ್ತು.

ಹೊಸ ಸ್ಕೂಲಿಗೆ ಹಾಕ್ಬೇಡಿ ಅಂತ ಅಲ್ಲ. ಮಗು ಚಿಕ್ಕದಿದ್ರೆ, ಐದನೇ ಆರನೇ ಕ್ಲಾಸಲ್ಲಿದ್ರೆ, ಧಾರಾಳವಾಗಿ ಹಾಕಿ, ಟೀಮು ಅದ್ರ ಜೊತೇನೇ ಬೆಳೆಯುತ್ತೆ, ಎಂಟಕ್ಕೆ ಬರೋ ಹೊತ್ತಿಗೆ ಕ್ಯಾಪ್ಟನ್ನೇ ಆಗ್ಬಹುದು. ಏಳು ಎಂಟರಲ್ಲಿದ್ದು, ಆಡೋ ಆಟ ಟೀಮಿನದಾದ್ರೆ ಎಲ್‌ಸಿಗೆ ಅರ್ಜಿ ಕೊಡೋಕೆ ಮುಂಚೆ ಅಸೋಸಿಯೇಷನ್ ಮೆಂಬರ್‌ಶಿಪ್ ರಸೀದಿ ಕಣ್ಣಾರೆ ನೋಡಿ, ಬಾಯಿ ಮಾತು ನಂಬ್ಬೇಡಿ. ನಿಮ್ ಮಗು ವಯಸ್ಸಿನೋರು ಎಷ್ಟು ಜನ ಆ ಆಟ ಆಡ್ತಾರೆ ಅಂತ ಸಂಜೆ ಗ್ರೌಂಡಲ್ಲಿ ನಿಂತು ನೀವೇ ಎಣಿಸಿ. ಸ್ಕೂಲು ಯಾವ ಜಿಲ್ಲೆಗೆ ಬರುತ್ತೆ ನೋಡ್ಕೊಳ್ಳಿ. ಮತ್ತೆ ನಿಮ್ ಮಗುವಿನ ವಯಸ್ಸಿನ ಗ್ರೂಪು ಯಾವ ವರ್ಷಕ್ಕೆ ಮುಗಿಯುತ್ತೆ ಅನ್ನೋದು, ಇದು ನನಗೇ ಗೊತ್ತಿತ್ತು, ಗೊತ್ತಿದ್ದೂ ಬ್ರೋಷರ್ ನೋಡಿ ಮರ್ತೆ.

ಬರೆಯೋ ಹೊತ್ತಿಗೆ ಒಂದು ಅಪ್‌ಡೇಟು. ಹೋದ ಶನಿವಾರ ಮುಂದಿನ ವರ್ಷದ ಹ್ಯಾರಿಸ್ ಶೀಲ್ಡ್‌ಗೆ ಅಂತ ಟ್ರಯಲ್ಸ್ ಇಟ್ಟಿದ್ರು, ಹದಿನಾಲ್ಕು ಹುಡುಗ್ರು ಬಂದಿದ್ರು, ಐದು ಜನರ ಹತ್ರ ಸ್ವಂತ ಪ್ಯಾಡ್ ಇತ್ತು. ಬೋಲಿಂಗ್ ಮಷಿನ್ ಕವರ್ ತೆಗ್ದಿದಾರೆ. ಪಿಟಿ ಸರ್ ನನ್ನನ್ನ ನೋಡಿ ದೂರದಿಂದಾನೇ "ಸರ್, ಫಾರ್ಮ್ ಕೊಟ್ಟಾಯ್ತು" ಅಂತ ಕೂಗಿದ್ರು. ರಸೀದಿ ತೋರ್ಸಿ ಅಂದೆ. ಸೋಮವಾರ ತೋರಿಸ್ತಾರಂತೆ. ತೋರಿಸಿದ್ರೆ ಮೂರನೇ ಸ್ಟಾರು ಹಾಕ್ತೀನಿ.